ನೆದರ್ಲೆಂಡ್ಸ್‌ಗೆ ಹೊರಟಿರುವ ತಮ್ಮನಿಗೆ

"ಅಣ್ಣಾ, ಮುಂದಿನ ತಿಂಗಳು ಯುಟ್ರೆಕ್ಟ್‌ಗೆ ಬರ್ತಿದ್ದೀನಿ, ಆನ್‌ಲೈನ್ ಅಂಗಡಿಯ ಬ್ಯಾಕೆಂಡ್ ಕೆಲಸ. ಬೆಂಗಳೂರಲ್ಲಿ ಕಲಿತ ಡಿಸೈನ್ ಪ್ಯಾಟರ್ನ್‌ಗಳು ಅಲ್ಲಿ ನಡೆಯುತ್ತವಾ?" ಅಂತ ಕೇಳಿದ್ದೀಯ. ಅಣ್ಣ ಅಂದಿದ್ದೀಯಲ್ಲ, ಏಕವಚನದಲ್ಲೇ ಬರೆಯುತ್ತೇನೆ.

ಕೋಡ್‌ನಲ್ಲಿ ಪದೇ ಪದೇ ಬರುವ ತೊಡಕುಗಳಿಗೆ ಸಿದ್ಧ ಮಾದರಿಗಳು ತಾನೇ ಅವು, ನಡೆಯುತ್ತವೆ. ಸ್ಟ್ರಾಟೆಜಿ (ಸಂದರ್ಭಕ್ಕೆ ತಕ್ಕಂತೆ ಲೆಕ್ಕದ ರೀತಿ ಬದಲಿಸುವುದು), ಅಡಾಪ್ಟರ್ (ಹೊರಗಿನ ವ್ಯವಸ್ಥೆಯನ್ನು ನಮ್ಮ ಕೋಡ್‌ಗೆ ಹೊಂದಿಸುವ ಕೊಂಡಿ) ಅಂದರೆ ಇಲ್ಲಿಯವರಿಗೂ ಅದೇ ಅರ್ಥ. ಬೇರೆಯಾಗಿರುವುದು ವ್ಯಾಪಾರದ ರೀತಿ. ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಲು ಇಲ್ಲಿಯವರು ಜಾಸ್ತಿ ಬಳಸುವುದು ಐಡೀಲ್. 2005ರಿಂದ ಇದೆ, ನಮ್ಮ ಯುಪಿಐನ ದೂರದ ನೆಂಟ ಅಂದುಕೋ. ಗಿರಾಕಿ ಅಂಗಡಿಯ ಪುಟ ಬಿಟ್ಟು ತನ್ನ ಬ್ಯಾಂಕಿನ ಆಪ್‌ಗೆ ಹೋಗಿ, ಒಪ್ಪಿಗೆ ಕೊಟ್ಟು, ವಾಪಸ್ ಬರಬೇಕು.

ಆ ವಾಪಸ್‌ನಲ್ಲೇ ನಾನು ಮೊದಲ ವರ್ಷ ಎಡವಿದ್ದು. ಗಿರಾಕಿ ನಮ್ಮ ಪುಟಕ್ಕೆ ಮರಳಿದರೆ ಮಾತ್ರ ಆರ್ಡರ್ 'ಪೇಡ್' ಆಗುವಂತೆ ಬರೆದಿದ್ದೆ. ಜನ ಬ್ಯಾಂಕ್ ಆಪ್‌ನಲ್ಲಿ ಟಿಕ್ ಕಂಡ ಕೂಡಲೇ ಫೋನ್ ಜೇಬಿಗಿಡುತ್ತಿದ್ದರು. ದುಡ್ಡು ಹೋಗಿದೆ, ಆರ್ಡರ್ ಇಲ್ಲ. ಪಾಪ, ಒಬ್ಬ ಅಜ್ಜಿ ಒಂದೇ ಕೆಟಲ್‌ಗೆ ಎರಡು ಸಲ ಕಟ್ಟಿದ್ದರು. ಆಮೇಲೆ ಆರ್ಡರನ್ನು ಸ್ಟೇಟ್ ಪ್ಯಾಟರ್ನ್‌ಗೆ ತಂದೆವು, ಅಂದರೆ ಅದು ಯಾವಾಗಲೂ ಗೊತ್ತಾದ ಒಂದು ಸ್ಥಿತಿಯಲ್ಲಿರಬೇಕು: ಬಾಕಿ, ಪಾವತಿ ಆಗಿದೆ, ರದ್ದು, ಅವಧಿ ಮುಗಿದಿದೆ. ಪೇಮೆಂಟ್ ಕಂಪನಿಯಿಂದ ನಮ್ಮ ಸರ್ವರ್‌ಗೇ ವೆಬ್‌ಹುಕ್ (ತಾನಾಗೇ ಬರುವ ಸುದ್ದಿ) ಬಂದರೆ ಮಾತ್ರ ಒಂದರಿಂದ ಇನ್ನೊಂದಕ್ಕೆ ದಾಟುವುದು. ಅದೇ ವೆಬ್‌ಹುಕ್ ಎರಡು ಸಲ ಬಂದರೂ (ಬರುತ್ತೆ, ನೋಡ್ತಿರು) ಪಾರ್ಸೆಲ್ ಒಂದೇ ಹೊರಡಬೇಕು. ಐಡೀಲ್‌ಗೆ ಅಡಾಪ್ಟರ್ ಬೇರೆ ಇಟ್ಟಿದ್ದರಿಂದ, ಬೆಲ್ಜಿಯಂನ ಪಾವತಿ ವ್ಯವಸ್ಥೆ ಬ್ಯಾನ್‌ಕಾಂಟ್ಯಾಕ್ಟ್ ಸೇರಿಸುವಾಗ ಆರ್ಡರ್ ಕೋಡ್ ಮುಟ್ಟಲೇ ಇಲ್ಲ. ಈಗ ಐಡೀಲ್, ಯುರೋಪಿನ ಪಾವತಿ ವ್ಯವಸ್ಥೆ ವೇರೋಗೆ ಬದಲಾಗುತ್ತಿದೆ. ನಿನ್ನ ಮೊದಲ ಕೆಲಸ ಅದೇ ಇರಬಹುದು.

ತೆರಿಗೆಗೆ ಸ್ಟ್ರಾಟೆಜಿ ಹೇಳಿ ಮಾಡಿಸಿದ ಹಾಗಿದೆ. ಇಲ್ಲಿ ವ್ಯಾಟ್ 21%, ಪುಸ್ತಕಕ್ಕೆ 9%, ಜರ್ಮನಿಗೆ ಜಾಸ್ತಿ ಮಾರತೊಡಗಿದರೆ ಅವರ 19%. ಕಾರಣ ಹೇಳದೆ ವಾಪಸ್ ಮಾಡಲು ಗಿರಾಕಿಗೆ 14 ದಿನ ಇರುತ್ತದೆ, ಹಾಗಾಗಿ 'ಡೆಲಿವರ್ಡ್' ಕೊನೆಯ ಸ್ಟೇಟ್ ಅಲ್ಲ.

ಆದರೆ ಸಿಕ್ಕಿದ್ದಕ್ಕೆಲ್ಲ ಪ್ಯಾಟರ್ನ್ ಹಾಕಬೇಡ. ಒಂದೇ ಬಗೆಯ ಗಿಫ್ಟ್ ಪ್ಯಾಕಿಂಗ್‌ಗೆ ಫ್ಯಾಕ್ಟರಿ, ಇಂಟರ್‌ಫೇಸ್, ನಾಲ್ಕು ಕ್ಲಾಸ್ ಬರೆದಿದ್ದೆ. "ಯಾಕಿದು? ಒಂದು ಇಫ್ ಸಾಕು" ಅಂದ ಡಚ್ ಸಹೋದ್ಯೋಗಿ, ಎಲ್ಲರ ಎದುರೇ. ಬೆಟ್ಟ ಅಗೆದು ಇಲಿ ಹಿಡಿದಿದ್ದೆ, ನಿಜ. ಆದರೂ ಎರಡು ದಿನ ಮುಖ ಊದಿಸಿಕೊಂಡಿದ್ದೆ. ಅವನಿಗೆ ಅದರ ನೆನಪೂ ಇರಲಿಲ್ಲ, ಅವತ್ತೇ ಮಧ್ಯಾಹ್ನ ಚೀಸ್ ಬ್ರೆಡ್ ತಿನ್ನೋಕೆ ಕರೆದಿದ್ದ. ಇಲ್ಲಿ ಕೋಡ್ ಚೆನ್ನಾಗಿಲ್ಲ ಅಂದರೆ ನಿನಗೆ ಬೈದ ಹಾಗಲ್ಲ. ಮ್ಯಾನೇಜರ್‌ನನ್ನೂ ಹಾಗೇ ಕೇಳು, 'ಸರ್' ಬೇಡ.

ಇನ್ನು ಮನೆ. ಆ ವಿಳಾಸದಲ್ಲಿ ಮುನ್ಸಿಪಾಲಿಟಿ ನೋಂದಣಿಗೆ ಒಪ್ಪದ ಮಾಲೀಕರ ಮನೆ, ಎಷ್ಟೇ ಅಗ್ಗವಾದರೂ ಬೇಡ.