ಕಾಯಿಲೆ ಇಲ್ಲದ ತೊಳಲಾಟಕ್ಕೆ ಅಸ್ತಿತ್ವವಾದಿ ಮನೋಚಿಕಿತ್ಸೆಯಿಂದ ಪ್ರಯೋಜನವಿದೆಯೇ?

ವೈದ್ಯರು ಯಾವ ಕಾಯಿಲೆಯೂ ಇಲ್ಲವೆಂದರೂ ಯಾವುದರಲ್ಲೂ ಹುರುಪಿಲ್ಲ, ನೌಕರಿಯಲ್ಲಿ ಉಳಿಯಬೇಕೋ ಬಿಡಬೇಕೋ ಎಂಬುದು ವರ್ಷಗಳಿಂದ ತೀರ್ಮಾನವಾಗುತ್ತಿಲ್ಲ, ಇಂಥದ್ದಕ್ಕೆ ಈ ಚಿಕಿತ್ಸೆ ನೆರವಾಗುವುದೇ ಎಂದು ಕೇಳಿದ್ದೀರಿ. ಆಪ್ತಸಲಹೆಯ ಕೆಲಸದಲ್ಲಿ ಈ ಪದ್ಧತಿಯನ್ನು ಅನುಸರಿಸುವ ನನ್ನ ಅಭಿಪ್ರಾಯದಲ್ಲಿ ನೆರವಾಗುತ್ತದೆ. ಆದರೆ ಉಳಿಯಿರಿ ಅಥವಾ ಬಿಡಿ ಎಂಬ ಉತ್ತರ ನಿಮಗೆ ಅಲ್ಲಿ ಸಿಗುವುದಿಲ್ಲ.

ಈ ಪದ್ಧತಿಯು ನಿಮ್ಮ ತೊಳಲಾಟವನ್ನು ರೋಗಲಕ್ಷಣವೆಂದು ಎಣಿಸದೆ, ಬದುಕುವುದರಲ್ಲೇ ಅಡಗಿರುವ ಇಕ್ಕಟ್ಟೆಂದು ಪರಿಗಣಿಸುತ್ತದೆ. ಅಮೆರಿಕದ ಮನೋವೈದ್ಯ ಇರ್ವಿನ್ ಯಾಲೋಮ್ 1980ರ ತಮ್ಮ ಗ್ರಂಥದಲ್ಲಿ ಸಾವು, ಸ್ವಾತಂತ್ರ್ಯ, ಒಂಟಿತನ, ಅರ್ಥಹೀನತೆ ಎಂಬ ನಾಲ್ಕನ್ನು ಯಾರೂ ತಪ್ಪಿಸಿಕೊಳ್ಳಲಾಗದ ಸಂಗತಿಗಳೆಂದು ಗುರುತಿಸಿದರು. ನಿಮ್ಮ ಪ್ರಶ್ನೆಗೆ ಇವುಗಳಲ್ಲಿ ಸ್ವಾತಂತ್ರ್ಯವೇ ಹೆಚ್ಚು ಹತ್ತಿರವೆಂದು ತೋರುತ್ತದೆ. ಒಂದನ್ನು ಆರಿಸಿಕೊಂಡರೆ ಮಿಕ್ಕ ಸಾಧ್ಯತೆಗಳನ್ನು ಕೈಬಿಡಬೇಕಾಗುತ್ತದೆ, ಆಯಸ್ಸು ಅಷ್ಟೆಲ್ಲಕ್ಕೂ ಸಾಲದೆಂಬುದನ್ನು ಒಪ್ಪಬೇಕಾಗುತ್ತದೆ. ಆದ್ದರಿಂದಲೇ ಸಣ್ಣದೆಂದು ಕಾಣುವ ತೀರ್ಮಾನವೂ ಕೆಲವೊಮ್ಮೆ ಅಷ್ಟೊಂದು ಭಾರವಾಗುತ್ತದೆ.

ಚಿಕಿತ್ಸಕರು ತಮ್ಮ ಊಹೆಗಳನ್ನು ಆದಷ್ಟೂ ಬದಿಗಿಟ್ಟು, ನಿಮ್ಮ ಅನುಭವವನ್ನು ಇದ್ದಂತೆಯೇ ವಿವರಿಸಲು ಕೇಳುತ್ತಾರೆ. ‘ಬಿಡಲು ಸಾಧ್ಯವೇ ಇಲ್ಲ’ ಎಂದು ನೀವು ಹೇಳಿದರೆ, ಬಿಟ್ಟ ಮರುದಿನ ಬೆಳಿಗ್ಗೆ ಏನಾಗುತ್ತದೆ, ಯಾರ ಮುಂದೆ ತಲೆ ತಗ್ಗಿಸಬೇಕಾಗುತ್ತದೆ, ಆ ಅಂಜಿಕೆ ಬೇರೆಲ್ಲಿ ಕಾಣಿಸಿಕೊಂಡಿತ್ತು ಎಂದು ನಿಧಾನವಾಗಿ ವಿಚಾರಿಸುತ್ತಾರೆ. ಹಾಗೆ ವಿವರಿಸುತ್ತಾ ಹೋದಂತೆ, ಸಾಧ್ಯವಿಲ್ಲವೆಂದುಕೊಂಡದ್ದರಲ್ಲಿ ಸ್ವಲ್ಪ ಭಾಗ ನಿಜಕ್ಕೂ ಸಾಧ್ಯವಿಲ್ಲದ್ದು, ಉಳಿದದ್ದು ಇಷ್ಟವಿಲ್ಲದ್ದು ಅಥವಾ ಭಯಪಟ್ಟದ್ದು ಎಂಬುದು ಬೇರ್ಪಡುತ್ತದೆ. ತೀರ್ಮಾನವನ್ನು ಮುಂದೂಡುವುದೂ ಒಂದು ತೀರ್ಮಾನವೇ, ಅದನ್ನು ನೀವು ದಿನವೂ ಕೈಗೊಳ್ಳುತ್ತಿದ್ದೀರಿ ಎಂಬುದೂ ಕಾಣತೊಡಗುತ್ತದೆ. ಇದು ಕಹಿಯಾದ ಅರಿವು ನಿಜ. ಆದರೆ ಬದಲಾವಣೆ ಆರಂಭವಾಗುವುದನ್ನು ನಾನು ಹೆಚ್ಚಾಗಿ ಕಂಡಿರುವುದು ಇಲ್ಲಿಯೇ.

ಆತಂಕವನ್ನು ಪೂರ್ತಿಯಾಗಿ ಹೋಗಲಾಡಿಸುವುದು ಈ ಚಿಕಿತ್ಸೆಯ ಗುರಿಯಲ್ಲ. ಎದುರಿಗಿರುವ ಸಂಗತಿಗೆ ತಕ್ಕಷ್ಟಿರುವ ಆತಂಕವನ್ನೂ ಅದಕ್ಕೆ ಮೀರಿ ಬದುಕನ್ನೇ ಕುಗ್ಗಿಸುವ ಆತಂಕವನ್ನೂ ಅಮೆರಿಕದ ಮನೋವಿಜ್ಞಾನಿ ರೊಲೊ ಮೇ ಬೇರೆ ಬೇರೆಯಾಗಿ ಕಂಡರು. ಮೊದಲನೆಯದನ್ನು ಹೊತ್ತುಕೊಂಡೇ ನಡೆಯಬೇಕಾಗುತ್ತದೆ. ಹುರುಪಿನ ಮಾತಿಗೆ ಬಂದರೆ, ಆಸ್ಟ್ರಿಯಾದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್ ಹೇಳುವಂತೆ ಅರ್ಥವು ತನ್ನನ್ನೇ ಕೆದಕುತ್ತಾ ಕುಳಿತರೆ ದೊರಕುವಂಥದ್ದಲ್ಲ. ಅದು ಮಾಡುವ ಕೆಲಸದಲ್ಲಿ, ಪ್ರೀತಿಯಲ್ಲಿ, ತಪ್ಪಿಸಲಾಗದ ನೋವನ್ನು ಎದುರಿಸುವ ರೀತಿಯಲ್ಲಿ ದೊರಕುತ್ತದೆ.

ಸಂಶೋಧನೆಯ ಬೆಂಬಲ ಈ ಪದ್ಧತಿಯ ಎಲ್ಲ ಶಾಖೆಗಳಿಗೂ ಸಮನಾಗಿಲ್ಲ. ಕ್ಯಾನ್ಸರ್‌ನಂಥ ಗಂಭೀರ ಕಾಯಿಲೆಯವರಿಗೆಂದು ರೂಪಿಸಿದ, ಅರ್ಥವನ್ನು ಕೇಂದ್ರವಾಗಿಟ್ಟುಕೊಂಡ ಚಿಕಿತ್ಸೆಗಳಿಗೆ ಆಧಾರ ಹೆಚ್ಚು ಗಟ್ಟಿಯಾಗಿದೆ. ಉಳಿದ ಶಾಖೆಗಳಿಗೆ ತೆಳುವಾಗಿದೆ. ನಿದ್ದೆ, ಹಸಿವು ಕೆಟ್ಟಿದ್ದರೆ ಅಥವಾ ಸಾಯುವ ಯೋಚನೆ ಬರುತ್ತಿದ್ದರೆ ತಡಮಾಡದೆ ಮನೋವೈದ್ಯರನ್ನು ಕಾಣಿರಿ. ತೀವ್ರ ಖಿನ್ನತೆಗೆ ಇದೊಂದನ್ನೇ ನೆಚ್ಚಿಕೊಳ್ಳಬಾರದು. ಇನ್ನು ಚಿಕಿತ್ಸಕರನ್ನು ಆರಿಸುವಾಗ, ನಿಮ್ಮ ಮಾತು ಮುಗಿಯುವ ಮುನ್ನವೇ ಸಾವು, ಶೂನ್ಯ ಎಂದು ತತ್ತ್ವ ಬೋಧಿಸುವವರು ಎದುರಾದರೆ ಬೇರೊಬ್ಬರನ್ನು ಹುಡುಕಿಕೊಳ್ಳಿ.