ಕಿವಿಯೊಳಗೆ ಮಳೆ ಸುರಿಸಿಕೊಂಡು ಮಲಗುವವರಿಗೆ

ಗದಗಿನಲ್ಲಿ ಮುದ್ರಣಾಲಯ ನಡೆಸುವವರೊಬ್ಬರು ನನ್ನಲ್ಲಿ ಚಿಕಿತ್ಸೆಗೆ ಬಂದಿದ್ದರು, ವಯಸ್ಸು ನಲವತ್ತರ ಆಸುಪಾಸು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ನಿದ್ದೆಯಿಲ್ಲ, ಕಿವಿಯಲ್ಲಿ ಸದಾ ಗುಂಯ್ ಎನ್ನುತ್ತದೆ ಎಂಬುದು ದೂರು. ರಾತ್ರಿಯಿಡೀ ಇಯರ್‌ಫೋನಿನಲ್ಲಿ ಮಳೆಯ ಸದ್ದು, ಇಲ್ಲವೇ ಆ ಶ್ರುತಿಯಲ್ಲಿ ಕೇಳಿದರೆ ಗುಣವಾಗುತ್ತದೆಂದು ನಂಬಿಸುವ '432 ಹರ್ಟ್ಜ್' ಸಂಗೀತ. ನಡುವೆ ಜಾಹೀರಾತು ಬಂದು ಎಬ್ಬಿಸುವುದು ಬೇರೆ. ನಾದಚಿಕಿತ್ಸೆಯ ಹೆಸರಿನಲ್ಲಿ ಹೀಗೆ ಮಾಡಿಕೊಂಡವರು ಪದೇ ಪದೇ ಬರುತ್ತಿರುವುದರಿಂದ ಇದನ್ನು ಬರೆಯಬೇಕಾಯಿತು.

ಎರಡನೆಯ ಭೇಟಿಯಲ್ಲಿ ಫ್ಯಾನ್ ಆರಿಸಿ, ಐದು ನಿಮಿಷ ಸುಮ್ಮನೆ ಕೂರಲು ಹೇಳಿದೆ. ಎರಡು ನಿಮಿಷವೂ ಆಗಿರಲಿಲ್ಲ.

"ಫ್ಯಾನ್ ಹಚ್ಚರಿ ಮೇಡಮ್."

"ಸೆಕಿ ಆಗಾಕತ್ತೈತೇನ್ರಿ?"

"ಸೆಕಿ ಅಲ್ರಿ. ಮಷೀನ್ ಬಂದ್ ಆತಂದ್ರ ಸಾಲದ ಲೆಕ್ಕಾ ಚಾಲೂ ಆಗ್ತೈತ್ರಿ."

ಹಗಲು ಮಷೀನು, ರಾತ್ರಿ ಮಳೆ. ಎರಡೂ ಆ ಲೆಕ್ಕವನ್ನು ಮುಚ್ಚಿಡಲಿಕ್ಕೇ. ಹಾಗಾಗಿ ಮೊದಲು ಕೊಟ್ಟ ಸಲಹೆಯಲ್ಲಿ ಸಂಗೀತವೇ ಇರಲಿಲ್ಲ. ಸಂಜೆ ಆರೂವರೆಗೆ ಪ್ರೆಸ್ಸಿನಲ್ಲೇ ಅರ್ಧ ಗಂಟೆ ಕೂತು, ಯಾರಿಗೆ, ಎಷ್ಟು, ಯಾವ ತಾರೀಕಿಗೆ ಎಂದು ಹಾಳೆಯಲ್ಲಿ ಬರೆಯಬೇಕು. ನಾಳೆ ಮಾಡುವ ಒಂದೇ ಕೆಲಸಕ್ಕೆ ಗುರುತು ಹಾಕಬೇಕು. ಹಾಳೆ ಮನೆಗೆ ಬರಕೂಡದು. ಹಾಡು ಕೇಳಲು ಬಂದವನಿಗೆ ಲೆಕ್ಕ ಬರೆಸಿದಿರಾ ಎಂದು ಆಕ್ಷೇಪಿಸುವವರಿದ್ದಾರೆ. ಚಿಂತೆಗೆ ಹಗಲಿನಲ್ಲಿ ಹೊತ್ತು ಕೊಡದಿದ್ದರೆ ಅದು ಹಾಸಿಗೆಯಲ್ಲಿ ವಸೂಲಿಗೆ ಕೂರುತ್ತದೆ.

ಜೊತೆಗೆ ಶ್ರವಣ ಪರೀಕ್ಷೆಗೆ ಕಳಿಸಿದೆ. ಕಿವಿಯ ಸುರಕ್ಷತೆಗೆ ತಜ್ಞರು ಶಿಫಾರಸು ಮಾಡುವುದು 85 ಡೆಸಿಬೆಲ್ ಸದ್ದಿಗೆ ದಿನಕ್ಕೆ 8 ಗಂಟೆ ಮಿತಿ. ಮೇಲೆ 3 ಡೆಸಿಬೆಲ್ ಏರಿದಂತೆಲ್ಲ ಆ ಹೊತ್ತು ಅರ್ಧಕ್ಕಿಳಿಯುತ್ತದೆ. ಮಷೀನಿನ ಪಕ್ಕ ಕಿವಿರಕ್ಷಕ ಬೇಕು, ರಾತ್ರಿ ಕಿವಿಗೆ ಬಿಡುವು ಬೇಕು.

ಸದ್ದಿನ ಕ್ರಮ ಇಷ್ಟು: ಇಯರ್‌ಫೋನ್ ಬೇಡ, ಮಂಚದಿಂದ ಆರೇಳು ಅಡಿ ದೂರದಲ್ಲಿ ಸಣ್ಣ ಸ್ಪೀಕರ್ ಇರಲಿ. ತಂಬೂರಿಯ ನಾದವನ್ನು ಮೊದಲೇ ಡೌನ್‌ಲೋಡ್ ಮಾಡಿಕೊಂಡು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಬೇಕು. ಹಾಡಾದರೆ ಮನಸ್ಸು ಸಾಹಿತ್ಯದ ಬೆನ್ನು ಹತ್ತುತ್ತದೆ, ದ್ರುತ್ ತಾನ್, ಅಂದರೆ ಸರಸರನೆ ಓಡುವ ಸ್ವರಗಳ ಸಾಲು, ಎಬ್ಬಿಸುತ್ತದೆ. ತಂಬೂರಿಯಲ್ಲಿ ಮುಂದೇನು ಎಂದು ಕಾಯುವಂಥದ್ದೇನೂ ಇಲ್ಲ. ಪಕ್ಕದವರ ಪಿಸುಮಾತೂ ಕೇಳಿಸುವಷ್ಟು ಮೆಲ್ಲಗಿರಲಿ ಸದ್ದು. ಗುಂಯ್‌ಗುಟ್ಟುವಿಕೆ ಇದ್ದವರು ಅದನ್ನು ಪೂರ್ತಿ ಮುಳುಗಿಸಬಾರದು, ನಾದದ ಅಡಿಯಲ್ಲಿ ಅದೂ ಕೇಳುತ್ತಿರಬೇಕು. ಆಗ ಮಿದುಳು ಅದಕ್ಕೆ ಒಗ್ಗಿಕೊಳ್ಳಲು ಸುಲಭ. ಒಟ್ಟು 20 ನಿಮಿಷ, ಐದೈದು ನಿಮಿಷಕ್ಕೆ ಸದ್ದು ಇಳಿಸುತ್ತ ನಿಲ್ಲಿಸಿ, ಎರಡು ನಿಮಿಷ ನಿಶ್ಶಬ್ದದಲ್ಲಿ ಇರಬೇಕು. ಅವರಿಗೆ ಕಷ್ಟವಾದದ್ದು ಈ ಎರಡು ನಿಮಿಷವೇ. ಅದಕ್ಕೆ ಭ್ರಾಮರಿ ಪ್ರಾಣಾಯಾಮ ಹೇಳಿಕೊಟ್ಟೆ: ತುಟಿ ಮುಚ್ಚಿ, ಹಲ್ಲು ಬಿಡಿಸಿ, ನಾಲ್ಕು ಎಣಿಕೆ ಉಸಿರು ಒಳಗೆ, ಆರು ಎಣಿಕೆ ಮೆಲ್ಲಗೆ ಗುನುಗುತ್ತ ಹೊರಗೆ. ಜೋರಾಗಿ ಗುನುಗಿದರೆ ದವಡೆ ಬಿಗಿಯುತ್ತದೆ; ತಲೆ ತಿರುಗಿದರೆ ನಿಲ್ಲಿಸಿ ಮಾಮೂಲಿ ಉಸಿರಾಡಬೇಕು.

ಸಂಗೀತಕ್ಕೆ ಹೆಸರಾದ ವೀರೇಶ್ವರ ಪುಣ್ಯಾಶ್ರಮದ ಊರಿನವರು, ಯಾವ ರೋಗಕ್ಕೆ ಯಾವ ರಾಗ ಎಂದು ಕೇಳಿಯೇ ಕೇಳುತ್ತಾರೆ. ಅಂಥ ಪಟ್ಟಿ ನಾನು ಕೊಡುವುದಿಲ್ಲ. 432ರ ಮಹಿಮೆಗೂ ಗಟ್ಟಿ ಆಧಾರವಿಲ್ಲ.

ಗುಂಯ್‌ಗುಡುವುದು ಒಂದೇ ಕಿವಿಯಲ್ಲಿದ್ದರೆ, ನಾಡಿಯ ಜೊತೆ ಬಡಿಯುತ್ತಿದ್ದರೆ ಇಎನ್‌ಟಿ ವೈದ್ಯರನ್ನು ಮೊದಲು ಕಾಣಬೇಕು. ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಅದೇ ದಿನ ಹೋಗಬೇಕು, ತಂಬೂರಿ ಆಮೇಲೆ.