ಆರ್‌ಸಿ (ರಿಮೋಟಿನಲ್ಲಿ ಹಾರಿಸುವ) ವಿಮಾನ ಅಲೆಅಲೆಯಾಗಿ ಏರಿಳಿಯುತ್ತಿದೆ. ಗೈರೋ (ಅಲುಗಾಟ ಗುರುತಿಸಿ ತಾನೇ ಸರಿಪಡಿಸುವ ಸಾಧನ) ಹಾಕಲೋ, ಮೂತಿಗೆ ಇನ್ನಷ್ಟು ಭಾರ ಕಟ್ಟಲೋ?

ಎರಡೂ ಬೇಡ ಮಾರಾಯ್ರೆ. ಭಾರ ಕಟ್ಟಿ ಕಟ್ಟಿಯೇ ನನ್ನ ಥರ್ಮಾಕೋಲ್ ವಿಮಾನ ಮಲ್ಪೆಯಲ್ಲಿ ಸಮುದ್ರಕ್ಕೆ ಬಿದ್ದದ್ದು.

ಮೊದಲಿಗೆ ಅದಕ್ಕೆ ಬಾಲವೇ ಭಾರ, ಬಿಟ್ಟ ಕೂಡಲೇ ಮೂತಿ ಎತ್ತಿ ಬೀಳುತ್ತಿತ್ತು. ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡು ಉಂಟಲ್ಲ, ಅದನ್ನೇ ತಂದು ಮೋಟಾರಿನ ಹಿಂದೆ ಟೇಪು ಸುತ್ತಿದೆ. ಒಂದು ಸಾಕಿತ್ತು. "ಮೂತಿ ಭಾರ ಇದ್ದಷ್ಟೂ ಒಳ್ಳೇದು" ಅಂತ ಯಾರೋ ಹೇಳಿದರು, ಇನ್ನಷ್ಟು ತುರುಕಿದೆ. ಈಗ ಮೂತಿ ಕೆಳಗೆ ಜಗ್ಗಿತು. ಅದನ್ನು ಎತ್ತಲಿಕ್ಕೆ ಎಲಿವೇಟರನ್ನು, ಅಂದರೆ ಮೂತಿ ಏರಿಸಿ ಇಳಿಸುವ ಬಾಲದ ಪಟ್ಟಿಯನ್ನು, ಟ್ರಿಮ್ ಕೊಟ್ಟು ಕಾಯಂ ತುಸು ಮೇಲಕ್ಕೆ ನಿಲ್ಲಿಸಿದೆ.

ಎಡವಟ್ಟು ಈ ಜೋಡಿಯಲ್ಲೇ ಇರುವುದು. ವೇಗ ದುಪ್ಪಟ್ಟಾದರೆ ಎಲಿವೇಟರಿನ ಬಲ ನಾಲ್ಕು ಪಟ್ಟಾಗುತ್ತದೆ, ಸೀಸದ ತೂಕ ಇದ್ದಷ್ಟೇ. ಹಾಗಾಗಿ ಇವೆರಡೂ ಸರಿದೂಗುವುದು ಒಂದೇ ಒಂದು ವೇಗದಲ್ಲಿ. ವೇಗ ತುಸು ಹೆಚ್ಚಿತೋ, ಎಲಿವೇಟರ್ ಗೆದ್ದು ಮೂತಿ ಏಳುತ್ತದೆ. ಏರುತ್ತ ಏರುತ್ತ ವೇಗ ಸಾಯುತ್ತದೆ, ಆಗ ಸೀಸ ಗೆಲ್ಲುತ್ತದೆ. ಇಳಿಯುವಾಗ ಮತ್ತೆ ವೇಗ.

ಈ ಅಲೆಗೆ ಫ್ಯೂಗಾಯ್ಡ್ ಅಂತ ಹೆಸರಿಟ್ಟದ್ದು ಇಂಗ್ಲೆಂಡಿನ ಎಂಜಿನಿಯರ್ ಲ್ಯಾಂಚೆಸ್ಟರ್, 1908ರ ಪುಸ್ತಕದಲ್ಲಿ. ಸೆಕೆಂಡಿಗೆ 10 ಮೀಟರ್ ಹಾರುವ ವಿಮಾನಕ್ಕೆ ಒಂದು ಅಲೆ ಸುಮಾರು 4.5 ಸೆಕೆಂಡು. ಕೈ ಸುಮ್ಮನಿರುವುದಿಲ್ಲ ನೋಡಿ! ರಿಮೋಟಿನ ಸ್ಟಿಕ್ ಹಿಡಿದು ಏರಿದಾಗ ಡೌನ್, ಇಳಿದಾಗ ಅಪ್ ಕೊಡುತ್ತ ಹೋದೆ. ಪ್ರತಿ ಸಲವೂ ಅರೆಗಳಿಗೆ ತಡ, ಪ್ರತಿ ಸಲವೂ ಅಲೆ ದೊಡ್ಡದು. ಕೊನೆಗೆ ನೀರು. ರಿಮೋಟಿನ ಸಂಕೇತ ಹಿಡಿಯುವ ರಿಸೀವರನ್ನು ತೊಳೆದು ಒಣಗಿಸಿದೆ, ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದು ಅದೂ ಸತ್ತಿತು.

ಗೈರೋ ಮಾತು. ತಿರುಗುವ ವೇಗವನ್ನಷ್ಟೇ ನೋಡುವ ರೇಟ್ ಮೋಡಿನ ಗೈರೋ ತಡೆಯುವುದು ಗಾಳಿ ಹೊಡೆತದ ಚುರುಕು ಅಲುಗಾಟವನ್ನು. ಇಷ್ಟು ನಿಧಾನದ ಅಲೆಗೆ ಅದರಿಂದ ಹೆಚ್ಚೇನೂ ಆಗದು. ವಿಮಾನವನ್ನು ತಾನೇ ಸಮಮಟ್ಟಕ್ಕೆ ತರುವ ಲೆವೆಲ್ ಮೋಡ್ ಹಾಕಿದರೆ ಅಲೆ ಅಡಗೀತು, ಆದರೆ ಭಾರ ಒಳಗೇ ಕೂತಿರುತ್ತದೆ. ಲ್ಯಾಂಡಿಂಗಿಗೆ ವೇಗ ಇಳಿಸಿದಾಗ ಮೂತಿ ಎತ್ತಲು ಎಲಿವೇಟರ್ ಸಾಲುವುದಿಲ್ಲ. ದುಡ್ಡು ಉಳಿಸಿಕೊಳ್ಳಿ.

ರೆಕ್ಕೆಯ ಅಡಿ ಎರಡು ಬೆರಳಿಟ್ಟು ಎತ್ತಿ. ಮುಂದಿನ ಅಂಚಿನಿಂದ ರೆಕ್ಕೆಯ ಅಗಲದ (ಮುಂದಂಚಿನಿಂದ ಹಿಂದಂಚಿನ ತನಕದ್ದು) ಶೇ. 25ರಿಂದ 30ರೊಳಗೆ ವಿಮಾನ ಸಮವಾಗಿ ನಿಲ್ಲಬೇಕು. ಆಮೇಲೆ ಎತ್ತರದಲ್ಲಿ ಮೋಟಾರ್ ಬಂದ್ ಮಾಡಿ, ಮೂತಿ ತುಸು ಇಳಿಸಿ ಸ್ಟಿಕ್ ಬಿಡಿ. ಗಬಕ್ಕನೆ ಮೇಲೆದ್ದರೆ ಇನ್ನೂ ಮೂತಿ ಭಾರ: ಚೂರೇ ಚೂರು ಸೀಸ ತೆಗೆಯಿರಿ, ಟ್ರಿಮ್ಮನ್ನೂ ಅಷ್ಟೇ ಇಳಿಸಿ. ತಾನಾಗಿ ಇನ್ನೂ ಕಡಿದಾಗಿ ಇಳಿಯತೊಡಗಿದರೆ ತೆಗೆದದ್ದು ಜಾಸ್ತಿಯಾಯಿತು, ವಾಪಸ್ ಹಾಕಿ. ಬೀಚಿನಲ್ಲಿ ಬೇಡ, ಕೊಯ್ಲು ಮುಗಿದ ಗದ್ದೆ ಸಿಕ್ಕಿದರೆ ಅಲ್ಲಿ ಮಾಡಿ.